ಸೇಂಟ್ ಮೇರೀಸ್ ದ್ವೀಪಕ್ಕೆ ಹೊರಡುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆಯಿಂದ ಸುಮಾರು 6 ಕಿಲೋಮೀಟರ್ ಒಳಗೆ, ಕಡಲಿನಲ್ಲಿ ಉತ್ತರ–ದಕ್ಷಿಣವಾಗಿ ಸಾಲುಗಟ್ಟಿರುವ ಪುಟ್ಟ ದ್ವೀಪಗಳಿವು. ಸ್ಥಳೀಯರ ಬಾಯಲ್ಲಿ ತೋನ್ಸೆಪಾರ್. ಇಲ್ಲಿಗೆ ಬೀಚ್ ಎಂದುಕೊಂಡು ಬಂದವರಲ್ಲಿ ಅರ್ಧ ಜನ ಬೇಸರದಿಂದ ಮರಳುತ್ತಾರೆ, ಇಲ್ಲಿನ ಕಂಬದಾಕಾರದ ಕಲ್ಲು ನೋಡಲು ಬಂದವರು ಕೊನೆಯ ಬೋಟಿನ ಸೀಟಿ ಊದಿದರೂ ಏಳುವುದಿಲ್ಲ. ಕೆಳಗಿನ ಉತ್ತರಗಳನ್ನು ಆ ಎರಡನೇ ಗುಂಪಿಗೆ ಸೇರಲು ಬಯಸುವವರಿಗಾಗಿಯೇ ಬರೆದಿದೆ.

ಇದು ನಿಜಕ್ಕೂ ಜ್ವಾಲಾಮುಖಿ ದ್ವೀಪವೇ? ಹಾಗಾದರೆ ಬೆಟ್ಟ ಎಲ್ಲಿ, ಬಾಯಿ ಎಲ್ಲಿ?

ಹೌದು, ಕಾಲಿಟ್ಟ ಕಲ್ಲೆಲ್ಲ ಒಂದು ಕಾಲಕ್ಕೆ ಹರಿದ ಶಿಲಾರಸವೇ, ಅಂದರೆ ಲಾವಾ. ಆದರೆ ಶಂಕುವಿನಾಕಾರದ ಬೆಟ್ಟ, ಹೊಗೆ ಉಗುಳುವ ಬಾಯಿ ಯಾವುದೂ ಇಲ್ಲ. ಹೊಗೆ ಕಾಣಬೇಕಾದರೆ ಅಂಡಮಾನಿನ ಬ್ಯಾರನ್ ದ್ವೀಪದ ಕಡೆ ಹೋಗಬೇಕು. ಭಾರತದಲ್ಲಿ ಈಗಲೂ ಜೀವಂತವಾಗಿರುವ ಜ್ವಾಲಾಮುಖಿ ಅದೊಂದೇ. ಇಲ್ಲಿನ ಬೆಂಕಿ ಆರಿ ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳಾಗಿವೆ. ಆಗ ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲದ ತುಂಡು. ಆ ನೆಲ ಸೀಳಿ ಎರಡಾಗುವ ಹೊತ್ತಿಗೆ ಬಿರುಕುಗಳಿಂದ ಮೇಲೆ ಬಂದ ಶಿಲಾರಸದ ಒಂದು ಚೂರು ಇದು. ಇದೇ ಕಾಲದ ಜ್ವಾಲಾಮುಖಿ ಕಲ್ಲುಗಳು ಅರಬ್ಬಿ ಸಮುದ್ರದಾಚೆ ಮಡಗಾಸ್ಕರಿನಲ್ಲಿಯೂ ಇವೆ.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಹರಡಿದೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಕಪ್ಪು ಕಲ್ಲಿನ ದಖ್ಖನ್ ಲಾವಾಕ್ಕೂ ಈ ದ್ವೀಪಕ್ಕೂ ಸಂಬಂಧ ಕಟ್ಟುವವರಿದ್ದಾರೆ. ದಖ್ಖನ್ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅಂದರೆ ಇದಕ್ಕಿಂತ ಎರಡು ಕೋಟಿ ವರ್ಷ ಈಚೆಗೆ. ಕಲ್ಲೂ ಬೇರೆ. ಅಲ್ಲಿನದು ಬಸಾಲ್ಟ್, ಇಲ್ಲಿನದು ಸಿಲಿಕಾ ಹೆಚ್ಚಿರುವ, ಗಂಜಿಯಂತೆ ಮಂದವಾಗಿ ಹರಿಯುವ ಲಾವಾದಿಂದಾದ ರಯೋಲೈಟ್–ಡೇಸೈಟ್ ಜಾತಿಯದು.

ಈ ಕಂಬಗಳನ್ನು ಯಾರೋ ಕಡಿದು ನಿಲ್ಲಿಸಿದಂತಿವೆ. ಇಷ್ಟು ಅಚ್ಚುಕಟ್ಟಾದ ಮೂಲೆಗಳು ತಾವಾಗಿಯೇ ಹೇಗಾದವು?

ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯ ತಳ ನೆನಪಿಸಿಕೊಳ್ಳಿ. ಕೆಸರು ಒಣಗುತ್ತ ಕುಗ್ಗಿ, ಹಪ್ಪಳದಂತೆ ಬಿರಿಯುತ್ತದೆ. ಲಾವಾ ತಣಿಯುವಾಗಲೂ ಅದೇ ಆಗುತ್ತದೆ, ಆದರೆ ಒಣಗುವುದರಿಂದಲ್ಲ, ತಣಿದು ಕುಗ್ಗುವುದರಿಂದ. ಮೇಲ್ಮೈ ಮೊದಲು ಗಟ್ಟಿಯಾಗಿ ಬಿರುಕು ಬಿಡುತ್ತದೆ. ತಣಿವು ಒಳಗೊಳಗೆ ಇಳಿದಂತೆಲ್ಲ ಬಿರುಕೂ ಅದರ ಹಿಂದೆಯೇ ಕೆಳಗಿಳಿಯುತ್ತದೆ. ಹೀಗಾಗಿ ಹಪ್ಪಳದ ಬದಲು ಉದ್ದನೆಯ ಕಂಬ ಸಿಗುತ್ತದೆ.

ಹಲವು ಕಂಬಗಳಿಗೆ ಆರು ಮೂಲೆ ಏಕೆ ಅಂದರೆ: ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಸಂಧಿಸಿದಾಗ ಅತಿ ಕಡಿಮೆ ಬಿರುಕಿನಲ್ಲಿ ಅತಿ ಹೆಚ್ಚು ಬಿಗಿತ ಸಡಿಲವಾಗುತ್ತದೆ. ಜೇನುಗೂಡಿನಂತೆ ಅಂಥ ಸಂಧಿಗಳ ಬಲೆ ಹೆಣೆದರೆ ಷಟ್ಕೋನ ತಾನಾಗಿ ಮೂಡುತ್ತದೆ. ಆದರೆ ಎಲ್ಲವೂ ಷಟ್ಕೋನ ಎಂದು ನಂಬಬೇಡಿ, ಎಣಿಸಿ ನೋಡಿ. ಐದು, ಏಳು, ಕೆಲವೆಡೆ ನಾಲ್ಕು ಮೂಲೆಯವೂ ಸಿಗುತ್ತವೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆಟವಿಲ್ಲ.

ಒಂದು ಕಂಬದ ತಲೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಿ. ಅಂಚು ಚೂಪಾಗಿರುತ್ತದೆ, ನಡುವೆ ತುಸು ತಗ್ಗು. ಆ ತಗ್ಗಿನಲ್ಲಿ ನಿಂತ ಸಮುದ್ರದ ನೀರು ಬಿಸಿಲಿಗೆ ಆರಿ, ಅಂಚಿನುದ್ದಕ್ಕೂ ಉಪ್ಪಿನ ಬಿಳಿ ಗೆರೆ ಎಳೆದಿರುತ್ತದೆ. ಪಕ್ಕದ ಕಂಬಕ್ಕೂ ಇದಕ್ಕೂ ನಡುವಿನ ಸಂದು ಎಷ್ಟೋ ಕಡೆ ಉಗುರು ತೂರದಷ್ಟು ಬಿಗಿ. ನೀರಿನ ಮಟ್ಟಕ್ಕಿಳಿದರೆ ಅದೇ ಕಂಬದ ಕಾಲಿಗೆ ಸಿಂಪಿ ಜಾತಿಯ ಚಿಪ್ಪುಗಳು ಹುಣಿಸೆ ಬೀಜ ಅಂಟಿಸಿದಂತೆ ಒತ್ತೊತ್ತಾಗಿ ಕಚ್ಚಿಕೊಂಡಿರುತ್ತವೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಈ ಕಂಬಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಅಂಥ ಸ್ಮಾರಕಗಳು ಇನ್ನೂ ಇವೆ: ಬೆಂಗಳೂರು ಲಾಲ್‌ಬಾಗಿನ ಬಂಡೆ, ಚಿತ್ರದುರ್ಗ ಜಿಲ್ಲೆ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಕಡೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಕಲ್ಲು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮುಂದೆ ಈ ದ್ವೀಪ ಇನ್ನೂ ತೊಟ್ಟಿಲ ಕೂಸು.

ಯಾವ ತಿಂಗಳಲ್ಲಿ ಹೋಗಬೇಕು?

ನವೆಂಬರ್‌ನಿಂದ ಫೆಬ್ರವರಿ. ಕಡಲು ಶಾಂತ, ಬಿಸಿಲು ತಡೆಯುವಷ್ಟು. ಅಕ್ಟೋಬರಿನಲ್ಲಿ ದ್ವೀಪ ಹಸಿರಾಗಿ ಚೆನ್ನಾಗಿರುತ್ತದೆ, ಆದರೆ ಸಂಜೆಯ ಗುಡುಗು ಮಳೆ ಮತ್ತು ಅರಬ್ಬಿ ಸಮುದ್ರದ ವಾಯುಭಾರ ಕುಸಿತ ಯಾವಾಗ ಬೋಟ್ ನಿಲ್ಲಿಸುತ್ತವೆ ಎಂದು ಹೇಳಲಾಗದು. ಮಾರ್ಚ್–ಏಪ್ರಿಲ್‌ನಲ್ಲಿ ಹೋಗಬಹುದು, ಆದರೆ ಹನ್ನೊಂದು ಗಂಟೆಯ ಮೇಲೆ ಕಲ್ಲು ಕಾದ ಕಾವಲಿ.

ಮಳೆಗಾಲದಲ್ಲಿ ದ್ವೀಪ ಪೂರ್ತಿ ಬಂದ್. ಸಾಮಾನ್ಯವಾಗಿ ಮೇ ಮಧ್ಯದ ಹೊತ್ತಿಗೆ ನಿಲ್ಲುವ ಪ್ರವಾಸಿ ಬೋಟ್‌ಗಳು ಮತ್ತೆ ಶುರುವಾಗುವುದು ಸೆಪ್ಟೆಂಬರ್ ಕಳೆಯುತ್ತ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿರುತ್ತದೆ; ಆ ಕಾಲದಲ್ಲಿ "ಯಾರಾದರೂ ದೋಣಿಯವರು ಕರೆದುಕೊಂಡು ಹೋಗುತ್ತಾರಾ" ಎಂದು ದಕ್ಕೆಯಲ್ಲಿ, ಅಂದರೆ ದೋಣಿ ಕಟ್ಟುವ ಕಟ್ಟೆಯಲ್ಲಿ, ವಿಚಾರಿಸುವುದೇ ತಪ್ಪು.

ಡಿಸೆಂಬರಿನ ಕೊನೆಯ ವಾರ, ಎರಡನೇ ಶನಿವಾರ–ಭಾನುವಾರ, ಶಾಲಾ ಪ್ರವಾಸದ ದಿನಗಳು ಇವನ್ನು ಬಿಡಿ. ಪ್ರವಾಸಿಗರು ಇಳಿಯುವ ದ್ವೀಪ ಸುಮಾರು ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ, ಅಷ್ಟೇ. ಮೂರು ಬೋಟ್ ಒಟ್ಟಿಗೆ ಇಳಿದರೆ ಅಲ್ಲಿ ಜಾತ್ರೆ.

ಬೆಳಗ್ಗೆಯೋ ಸಂಜೆಯೋ? ಭರತ–ಇಳಿತ ನೋಡಬೇಕೇ?

ನೋಡಲೇಬೇಕು. ಟಿಕೆಟ್ ಸಾಲಿನಲ್ಲಿ ನಿಂತವರಲ್ಲಿ ಇದನ್ನು ವಿಚಾರಿಸಿ ಬಂದವರು ಅಪರೂಪ.

ಇಳಿತದ ಹೊತ್ತಿನಲ್ಲಿ ಕಂಬಗಳ ಬುಡ ತೆರೆದುಕೊಳ್ಳುತ್ತದೆ, ಕಲ್ಲಿನ ನಡುವಿನ ಹೊಂಡಗಳಲ್ಲಿ ಏಡಿ, ಪುಟ್ಟ ಮೀನು, ಶಂಖದ ಹುಳು ಉಳಿದಿರುತ್ತವೆ, ನಡೆಯಲು ಜಾಗ ಹೆಚ್ಚು. ಭರತದಲ್ಲಿ ಅದೇ ಜಾಗಕ್ಕೆ ಅಲೆ ಬಡಿಯುತ್ತಿರುತ್ತದೆ. ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಆದ್ದರಿಂದ ಹೋದ ವಾರ ಹೋಗಿಬಂದ ಗೆಳೆಯರ ಸಮಯ ನಿಮಗೆ ಹೊಂದುವುದಿಲ್ಲ. ಮೊಬೈಲಿನಲ್ಲಿ ಮಲ್ಪೆ ಅಥವಾ ಮಂಗಳೂರಿನ ಭರತ–ಇಳಿತದ ಪಟ್ಟಿ ಸಿಗುತ್ತದೆ. ಅದಿಲ್ಲದಿದ್ದರೆ ಪಂಚಾಂಗ ಸಾಕು: ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕರಾವಳಿಗೆ ನಡುಹಗಲು ಸಮೀಪಿಸುವಾಗ ಭರತ, ಅಷ್ಟಮಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಳಿತ, ಅದೂ ಸೌಮ್ಯವಾದದ್ದು.

ಗಾಳಿಯ ಲೆಕ್ಕ ಬೇರೆ. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ. ಹೀಗಾಗಿ ಬೆಳಗಿನ ಪ್ರಯಾಣ ನಯ, ಮಧ್ಯಾಹ್ನದ್ದು ಕುಲುಕಾಟ. ಮಕ್ಕಳು, ಹಿರಿಯರು, ಹೊಟ್ಟೆ ತೊಳಸುವವರು ಇದ್ದರೆ ದಿನದ ಮೊದಲ ಬೋಟ್ ಹಿಡಿಯಿರಿ. ಫೋಟೊ ಮುಖ್ಯವಾದರೆ ಮಧ್ಯಾಹ್ನ ಮೂರರ ನಂತರ, ಕಾರಣ ಕೆಳಗಿದೆ.

ಮಲ್ಪೆ ತಲುಪುವುದು ಹೇಗೆ?

ಉಡುಪಿಯಿಂದ ಮಲ್ಪೆ ಸುಮಾರು 6 ಕಿಲೋಮೀಟರ್. ಸಿಟಿ ಬಸ್ ನಿಲ್ದಾಣದಿಂದ ಬಸ್‌ಗಳು ಒಂದರ ಹಿಂದೊಂದು. ಸ್ವಂತ ವಾಹನವಾದರೆ ರಾಷ್ಟ್ರೀಯ ಹೆದ್ದಾರಿ 66ರ ಕರಾವಳಿ ಜಂಕ್ಷನ್‌ನಲ್ಲಿ ಪಶ್ಚಿಮಕ್ಕೆ ತಿರುಗಿದರಾಯಿತು. ರೈಲಿನವರು ಇಂದ್ರಾಳಿಯ ಉಡುಪಿ ನಿಲ್ದಾಣದಲ್ಲಿ ಇಳಿಯಬೇಕು. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಿನ ಬೋಟಿಗೆ ಚೆನ್ನಾಗಿ ಹೊಂದುತ್ತದೆ. ವಿಮಾನದವರಿಗೆ ಮಂಗಳೂರಿನ ಬಜ್ಪೆ, ಅಲ್ಲಿಂದ ಸುಮಾರು 60 ಕಿಲೋಮೀಟರ್. ಬೆಂಗಳೂರಿನಿಂದ ಕಾರಿನಲ್ಲಿ ರಾತ್ರಿ ಘಾಟಿ ಇಳಿದು ನಿದ್ದೆಗಣ್ಣಿನಲ್ಲೇ ಬೋಟ್ ಹತ್ತುವವರು ವಾಂತಿಯ ಮೊದಲ ಬಲಿ.

ಬೋಟ್ ಎಲ್ಲಿ ಹತ್ತಬೇಕು? ಬಂದರಿನಲ್ಲೋ, ಬೀಚಿನಲ್ಲೋ?

ಎರಡೂ ಕಡೆ ಸಿಗುತ್ತದೆ, ಆದರೆ ಅನುಭವ ಬೇರೆ ಬೇರೆ.

ಮೀನುಗಾರಿಕಾ ಬಂದರಿನ ಬದಿಯಿಂದ, ಸೀ ವಾಕ್ ಎಂಬ ಕಡಲಂಚಿನ ಕಾಲುದಾರಿಯ ಹತ್ತಿರ, ದೊಡ್ಡ ಬೋಟ್‌ಗಳು ಹೊರಡುತ್ತವೆ. ಇವು ಕಡಿಮೆ ಕುಲುಕುತ್ತವೆ, ಟಿಕೆಟ್ ಅಗ್ಗ. ತೊಂದರೆ ಏನೆಂದರೆ ಸಾಕಷ್ಟು ಜನ ತುಂಬದೆ ಬಿಡುವುದಿಲ್ಲ. ವಾರದ ದಿನ ಬೆಳಗ್ಗೆ ಹೋದರೆ ಮುಕ್ಕಾಲು ಗಂಟೆ ಕಾಯಬೇಕಾಗಬಹುದು. ಮಲ್ಪೆ ಬೀಚಿನಿಂದ ಹೊರಡುವ ಸಣ್ಣ ಬೋಟ್‌ಗಳು ಬೇಗ ತುಂಬಿ, ಬೇಗ ತಲುಪುತ್ತವೆ. ಹತ್ತುವಾಗ ಮೊಣಕಾಲಿನವರೆಗೆ ಒದ್ದೆಯಾಗುವುದು, ದಾರಿಯಲ್ಲಿ ಉಪ್ಪುನೀರು ಮುಖಕ್ಕೆ ಎರಚುವುದು ಅದರ ಜೊತೆಗೇ ಬರುತ್ತದೆ.

ಒಂದು ದಿಕ್ಕಿಗೆ ದೊಡ್ಡ ಬೋಟಿನಲ್ಲಿ 20ರಿಂದ 30 ನಿಮಿಷ. ದ್ವೀಪದ ಹತ್ತಿರ ನೀರು ಆಳವಿಲ್ಲದ ಕಡೆ ದೊಡ್ಡ ಬೋಟ್ ದೂರದಲ್ಲೇ ನಿಂತು, ಜನರನ್ನು ಸಣ್ಣ ದೋಣಿಗೆ ದಾಟಿಸುವ ಪದ್ಧತಿಯಿದೆ. ದಾಟುವಾಗ ಎರಡೂ ಕೈ ಖಾಲಿ ಇರಲಿ. ಮೊಬೈಲ್ ನೀರುಪಾಲಾಗುವುದು ಹೆಚ್ಚಾಗಿ ಇಲ್ಲಿಯೇ. ಎರಡು ದೋಣಿಯ ಅಂಚುಗಳ ನಡುವೆ ಬೆರಳು ಇಡಬೇಡಿ, ಅಲೆಗೆ ಅವು ಒಂದಕ್ಕೊಂದು ಬಡಿಯುತ್ತಿರುತ್ತವೆ.

ದರ ಋತುವಿನಿಂದ ಋತುವಿಗೆ ಬದಲಾಗುತ್ತದೆ. ಕೌಂಟರಿನ ಬೋರ್ಡಿನಲ್ಲಿ ಇರುವುದೇ ದರ, ಪಾರ್ಕಿಂಗಿನಲ್ಲಿ ಹತ್ತಿರ ಬಂದು ಪಿಸುಗುಟ್ಟುವವರದ್ದಲ್ಲ. ಕೊಟ್ಟ ಚೀಟಿಯನ್ನು ವಾಪಸು ಬರುವವರೆಗೂ ಜೋಪಾನ ಮಾಡಿ. ಲೈಫ್ ಜಾಕೆಟ್ ಕೊಡುತ್ತಾರೆ. ಹೆಗಲಿಗೆ ನೇತುಹಾಕಿಕೊಂಡರೆ ಪ್ರಯೋಜನವಿಲ್ಲ, ಬಕಲ್ ಹಾಕಿ ಪಟ್ಟಿ ಎಳೆದು ಬಿಗಿಯಬೇಕು. ಸಡಿಲ ಜಾಕೆಟ್ ನೀರಿಗೆ ಬಿದ್ದ ತಕ್ಷಣ ಮೇಲಕ್ಕೆ ಜಾರಿ ಮುಖ ಮುಚ್ಚುತ್ತದೆ, ಮನುಷ್ಯ ಕೆಳಗೇ ಉಳಿಯುತ್ತಾನೆ.

ಬೋಟಿನಲ್ಲಿ ವಾಂತಿ ಬರುತ್ತದೆಯೇ?

ಚಳಿಗಾಲದ ಬೆಳಗಿನಲ್ಲಿ ಅಪರೂಪ. ಬರುವ ಅಭ್ಯಾಸವಿದ್ದರೆ ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಅರ್ಧ–ಒಂದು ಗಂಟೆ ಮೊದಲೇ ನುಂಗಬೇಕು. ತಲೆ ತಿರುಗಲು ಶುರುವಾದ ಮೇಲೆ ನುಂಗಿದ ಮಾತ್ರೆ ಹೊರಗೇ ಬರುತ್ತದೆ. ಬೋಟಿನ ಮೂತಿಯಲ್ಲಿ ಕೂರದೆ ನಡುಭಾಗದಿಂದ ಹಿಂದಕ್ಕೆ ಕೂತು ದಿಗಂತ ನೋಡುತ್ತಿರಿ. ಡೀಸೆಲ್ ಹೊಗೆ ಬರುವ ಬದಿ ಬೇಡ. ಖಾಲಿ ಹೊಟ್ಟೆಯೂ ಬೇಡ, ಮಸಾಲೆದೋಸೆಯೂ ಬೇಡ. ಎರಡು ಇಡ್ಲಿ ಸರಿಯಾದ ಅಳತೆ.

ದ್ವೀಪದಲ್ಲಿ ಎಷ್ಟು ಹೊತ್ತು ಸಿಗುತ್ತದೆ? ಅದನ್ನು ಹೇಗೆ ಬಳಸುವುದು?

ನೀವು ಬಂದ ಬೋಟ್ ಹಿಂತಿರುಗುವವರೆಗೆ, ಅಂದರೆ ಸಾಮಾನ್ಯವಾಗಿ ಒಂದು ಗಂಟೆ ಅಥವಾ ತುಸು ಹೆಚ್ಚು. ಇಳಿಯುವಾಗಲೇ ಬೋಟಿನವರನ್ನು ಹಿಂದಿರುಗುವ ಸಮಯ ಕೇಳಿ, ಬೋಟಿನ ಹೆಸರು ನೆನಪಿಟ್ಟುಕೊಳ್ಳಿ. ಎಲ್ಲ ಬೋಟೂ ಒಂದೇ ತರ ಕಾಣುತ್ತವೆ.

ಇಳಿಯುವುದು ನೆಲದ ಕಡೆಗೆ ಮುಖ ಮಾಡಿದ ಪೂರ್ವ ಬದಿಯಲ್ಲಿ. ಅಲ್ಲಿಯೇ ತೆಂಗಿನ ಮರ, ನೆರಳಿನ ಚಪ್ಪರ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ. ಜನ ಅಲ್ಲಿಯೇ ಕೂತುಬಿಡುತ್ತಾರೆ. ನೀವು ಕೂರಬೇಡಿ. ನೇರ ಪಶ್ಚಿಮ ಬದಿಗೆ ನಡೆಯಿರಿ, ಎರಡು ನಿಮಿಷದ ದಾರಿ. ತೆರೆದ ಕಡಲಿಗೆ ಮುಖ ಮಾಡಿದ ಕಂಬಗಳ ಸಾಲು ಇರುವುದು ಅಲ್ಲಿ: ಕೆಲವು ನೆಟ್ಟಗೆ, ಕೆಲವು ವಾಲಿದವು, ಕೆಲವು ಕಡಿದ ಕಬ್ಬಿನ ಹೊರೆಯಂತೆ ಬಿದ್ದವು. ಮೊದಲ 40 ನಿಮಿಷ ಇಲ್ಲಿಗೆ ಕೊಡಿ. ಉಳಿದ ಹೊತ್ತು ಚಿಪ್ಪಿನ ದಂಡೆಗೆ. ಅಲ್ಲಿ ಮರಳಿಗಿಂತ ಒಡೆದ ಚಿಪ್ಪೇ ಹೆಚ್ಚು. ಅಲೆ ಹಿಂದೆ ಸರಿದಾಗ ಗೆಜ್ಜೆ ಉಜ್ಜಿದಂಥ ಸದ್ದು ಬರುತ್ತದೆ. ಮೇಲೆ ಬೆಳ್ಳಗಿನ ಕತ್ತಿನ ಗರುಡಗಳು ಸುತ್ತುತ್ತಿರುತ್ತವೆ, ಚಳಿಗಾಲದಲ್ಲಿ ಕಡಲಕ್ಕಿಗಳ ಹಿಂಡೂ ಇರುತ್ತದೆ.

ಈಜಬಹುದೇ?

ಬೇಡ. "ಈಜು ಚೆನ್ನಾಗಿ ಬರುತ್ತದೆ" ಎನ್ನುವವರಿಗೂ ಇದೇ ಉತ್ತರ.

ಇಲ್ಲಿ ಬೀಚಿನಂತೆ ನಿಧಾನವಾಗಿ ಇಳಿಯುವ ಮರಳಿನ ತಳವಿಲ್ಲ. ಕಲ್ಲಿನ ಚಪ್ಪಡಿ ಒಂದೆಡೆ ಮೊಣಕಾಲಿನ ಆಳ, ಮುಂದಿನ ಹೆಜ್ಜೆಗೆ ಆಳೆತ್ತರ. ಒದ್ದೆ ಕಲ್ಲಿನ ಮೇಲೆ ಹಸಿರು ಪಾಚಿ, ಅದರ ಕೆಳಗೆ ಬ್ಲೇಡಿನಂಥ ಚಿಪ್ಪು. ಎಲ್ಲಕ್ಕಿಂತ ಮೋಸದ್ದು ಅಲೆಗಳ ಗುಂಪು: ಐದು–ಹತ್ತು ನಿಮಿಷ ಸಣ್ಣ ಅಲೆಗಳೇ ಬಂದು ಧೈರ್ಯ ಹುಟ್ಟಿಸುತ್ತವೆ, ಆಮೇಲೆ ಎರಡು ಮೂರು ದೊಡ್ಡವು ಒಟ್ಟಿಗೆ ಬಂದು ಕಲ್ಲಿನ ಮೇಲೆ ನಿಂತವರನ್ನು ಗುಡಿಸಿ ಒಯ್ಯುತ್ತವೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಕಾವಲು ಸಿಬ್ಬಂದಿ ಸೀಟಿ ಊದುವುದು ದರ್ಪಕ್ಕಲ್ಲ.

ಗುರುತು ಸುಲಭ: ಕಲ್ಲು ಕಪ್ಪಗೆ ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೆ ಬಂದಿದೆ, ಮತ್ತೆ ಬರುತ್ತದೆ. ಒಣ ಕಲ್ಲಿನ ಮೇಲೆಯೇ ನಿಲ್ಲಿ. ಕಡಲಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ. ನೀರಿಗೆ ಇಳಿಯುವ ಆಸೆ ಇದ್ದರೆ ವಾಪಸು ಬಂದು ಮಲ್ಪೆ ಬೀಚಿನಲ್ಲಿ, ಜೀವರಕ್ಷಕರು ಇರುವ ಜಾಗದಲ್ಲಿ ಇಳಿಯಿರಿ. ಡೈವಿಂಗಿಗೆ ಮುರುಡೇಶ್ವರದ ನೇತ್ರಾಣಿ ದ್ವೀಪ ಇದೆ.

ಏನೇನು ಒಯ್ಯಬೇಕು? ಏನನ್ನು ತಡೆಯುತ್ತಾರೆ?

ಒಬ್ಬರಿಗೆ ಒಂದು ಲೀಟರ್ ನೀರು, ಮರುಬಳಕೆಯ ಬಾಟಲಿಯಲ್ಲಿ. ದ್ವೀಪದಲ್ಲಿ ಕುಡಿಯುವ ನೀರಿನ ಬಾವಿಯಿಲ್ಲ, ಅಂಗಡಿ ತೆರೆದಿರುತ್ತದೆ ಎಂದು ನಂಬಿ ಹೋಗಬಾರದು. ಟೋಪಿ, ಒಂದು ಹತ್ತಿ ಟವೆಲ್, ಮೊಬೈಲಿಗೆ ಜಿಪ್ ಇರುವ ಚೀಲ. ಪಾದರಕ್ಷೆ ಅತಿ ಮುಖ್ಯ: ಹಿಂದೆ ಪಟ್ಟಿ ಇರುವ, ತಳದಲ್ಲಿ ಗೀರುಗಳಿರುವ ರಬ್ಬರ್ ಸ್ಯಾಂಡಲ್. ಹವಾಯಿ ಚಪ್ಪಲಿ ಒದ್ದೆ ಕಲ್ಲಿನ ಮೇಲೆ ಸೋಪು. ಬರಿಗಾಲು ಚಿಪ್ಪಿಗೆ ಸೀಳುತ್ತದೆ, ಅದಕ್ಕಾಗಿ ಎರಡು ಬ್ಯಾಂಡೇಜ್ ಜೇಬಿನಲ್ಲಿರಲಿ.

ಮದ್ಯ ಮತ್ತು ಬಿಸಾಡುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಚೀಲ ತಪಾಸಣೆ ಇರುತ್ತದೆ. ಗಾಜನ್ನಂತೂ ಮುಟ್ಟಲೇಬೇಡಿ, ಕಂಬಗಳ ಸಂದಿಗೆ ಬಿದ್ದ ಗಾಜಿನ ಚೂರನ್ನು ಯಾರೂ ಹೊರತೆಗೆಯಲಾರರು.

ವಯಸ್ಸಾದವರು, ಸಣ್ಣ ಮಕ್ಕಳು ಬರಬಹುದೇ?

ತೆಂಗಿನ ನೆರಳಿನವರೆಗೆ ಬರಲು ತೊಂದರೆಯಿಲ್ಲ. ಕಷ್ಟವಿರುವುದು ಹತ್ತಿ ಇಳಿಯುವಲ್ಲಿ: ಅಲುಗಾಡುವ ದೋಣಿಯಿಂದ ಮೊಣಕಾಲೆತ್ತರದ ಹೆಜ್ಜೆ ಹಾಕಬೇಕು. ಮೊಣಕಾಲು ನೋವಿರುವವರು ಯೋಚಿಸಿ. ಗಾಲಿಕುರ್ಚಿಗೆ ದಾರಿಯಿಲ್ಲ. ಕೈಗೂಸುಗಳನ್ನು ಬಿಸಿಲು ಮತ್ತು ಗಾಳಿಗೆ ಒಡ್ಡಿ ಕರೆತರುವುದರಲ್ಲಿ ಅರ್ಥವಿಲ್ಲ.

ರಾತ್ರಿ ಉಳಿಯಬಹುದೇ? ಸೂರ್ಯಾಸ್ತ ಸಿಗುತ್ತದೆಯೇ?

ಎರಡೂ ಇಲ್ಲ. ಉಳಿಯಲು ಅನುಮತಿಯಿಲ್ಲ, ಕೊನೆಯ ಬೋಟ್ ಸಂಜೆ ಐದರ ಆಸುಪಾಸಿಗೇ ಹೊರಟುಬಿಡುತ್ತದೆ. ಉಡುಪಿಯಲ್ಲಿ ಸೂರ್ಯ ಮುಳುಗುವುದು ಡಿಸೆಂಬರಿನಲ್ಲಿ 6.10ರ ಸುಮಾರಿಗೆ, ಮೇ ತಿಂಗಳಲ್ಲಿ 6.50ರ ಸುಮಾರಿಗೆ. ಅದನ್ನು ಮಲ್ಪೆ ದಂಡೆಯಿಂದ ನೋಡಿ.

ಫೋಟೊಗೆ ಯಾವ ಬೆಳಕು ಒಳ್ಳೆಯದು?

ಕಂಬಗಳ ಮುಖ್ಯ ಮುಖ ಪಶ್ಚಿಮಕ್ಕೆ. ಬೆಳಗ್ಗೆ ಸೂರ್ಯ ಅವುಗಳ ಬೆನ್ನಿಗಿರುತ್ತಾನೆ, ಮುಖ ಕಪ್ಪಾಗಿ ಬರುತ್ತದೆ. ನಡುಹಗಲಿನಲ್ಲಿ ನೆರಳೇ ಇಲ್ಲದೆ ಕಂಬವೆಲ್ಲ ಚಪ್ಪಟೆ. ಮೂರರ ನಂತರ ಓರೆ ಬಿಸಿಲು ಬಿದ್ದಾಗ ಪ್ರತಿ ಅಂಚೂ ಎದ್ದು ಕಾಣುತ್ತದೆ, ಬೂದು ಕಲ್ಲಿಗೆ ಬೆಲ್ಲದ ಬಣ್ಣ ಬರುತ್ತದೆ. ಗಾತ್ರದ ಅಂದಾಜು ಸಿಗಲು ಚೌಕಟ್ಟಿನಲ್ಲಿ ಒಬ್ಬ ಮನುಷ್ಯನನ್ನು, ಒಣ ಕಲ್ಲಿನ ಮೇಲೆಯೇ, ನಿಲ್ಲಿಸಿ. ಡ್ರೋನ್‌ಗೆ ಮೊದಲೇ ಅನುಮತಿ ಬೇಕು.

ಚಿಪ್ಪು, ಕಲ್ಲು ನೆನಪಿಗೆ ತರಬಹುದೇ?

ತರಬೇಡಿ. ಕಲ್ಲು ಸ್ಮಾರಕದ ಭಾಗ. ಚಿಪ್ಪು ಖಾಲಿ ಎಂದು ಕಂಡರೂ ಎಷ್ಟೋ ವೇಳೆ ಒಳಗೆ ಸನ್ಯಾಸಿ ಏಡಿ ಇರುತ್ತದೆ. ಮನೆಗೆ ತಂದ ಚೀಲ ಮೂರನೇ ದಿನ ನಾರುವುದು ಅದಕ್ಕೇ.

ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದನೇ?

ಹೆಸರಿನ ಮೂಲ ಅವನದೇ ಎನ್ನುತ್ತಾರೆ. 1498ರಲ್ಲಿ ಈ ಕರಾವಳಿಯ ಒಂದು ದ್ವೀಪದಲ್ಲಿ ಪೋರ್ಚುಗೀಸರು ಕಲ್ಲಿನ ಕಂಬವೊಂದನ್ನು ನೆಟ್ಟು ಅದಕ್ಕೆ ಸಾಂತಾ ಮರಿಯಾ, ಅಂದರೆ ಮೇರಿ ಮಾತೆಯ ಹೆಸರಿಟ್ಟರು. ಆ ದ್ವೀಪ ಇದೇ ಎಂಬುದು ರೂಢಿಯ ಮಾತು. ಲಿಸ್ಬನ್ನಿನಿಂದ ಅಷ್ಟು ದೂರ ಕಂಬ ಹೊತ್ತು ತಂದು, ಕಂಬಗಳೇ ತುಂಬಿದ ದ್ವೀಪದಲ್ಲಿ ನೆಟ್ಟದ್ದು ಸೋಜಿಗ.

ಇಲ್ಲಿ ನಾಲ್ಕು ದ್ವೀಪಗಳಂತೆ. ಉಳಿದವಕ್ಕೂ ಹೋಗಬಹುದೇ?

ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ, ದಕ್ಷಿಣ ದ್ವೀಪ ಎಂದು ಮುಖ್ಯವಾದವು ನಾಲ್ಕು. ಟಿಕೆಟ್ ಬೋಟ್‌ಗಳು ಇಳಿಸುವುದು ತೆಂಗಿನ ದ್ವೀಪಕ್ಕೆ ಮಾತ್ರ. ಅಷ್ಟು ಸಾಕು.

ಊಟ?

ದ್ವೀಪಕ್ಕೆ ಬುತ್ತಿ ಒಯ್ಯುವ ಬದಲು ಹಿಂದಿರುಗಿ ಬಂದು ಉಣ್ಣಿ. ಮೀನು ತಿನ್ನುವವರಿಗೆ ಮಲ್ಪೆಯಲ್ಲಿ ಬಂಗುಡೆ, ಅಂಜಲ್, ಕಾಣೆ ಬೆಳಗ್ಗೆ ಬಂದರಿಗೆ ಬಂದದ್ದೇ ಮಧ್ಯಾಹ್ನ ಕಾವಲಿಗೆ ಬೀಳುತ್ತದೆ. ಸಸ್ಯಾಹಾರಕ್ಕೆ ಉಡುಪಿಯ ರಥಬೀದಿಯ ಸುತ್ತಮುತ್ತ ಹೋಗಿ. ಸಂಜೆಗೆ ಗೋಳಿಬಜೆ, ಆಮೇಲೆ ಗಡ್‌ಬಡ್.

ಮಲ್ಪೆಗೆ ಬಂದ ಮೇಲೆ ಬೋಟ್ ಇಲ್ಲ ಎಂದರೆ?

ಗಾಳಿ ಎದ್ದರೆ ಮುನ್ಸೂಚನೆ ಕೊಡದೆ ನಿಲ್ಲಿಸುತ್ತಾರೆ. ವಾದ ಮಾಡಬೇಡಿ, ಒಂದು ರಾತ್ರಿ ಉಡುಪಿಯಲ್ಲೇ ಉಳಿದು ಮರುದಿನ ಬೆಳಗ್ಗೆ ಮತ್ತೆ ಪ್ರಯತ್ನಿಸಿ. ಮಧ್ಯಾಹ್ನ ಎದ್ದ ಗಾಳಿ ಎಷ್ಟೋ ಸಲ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಆ ಸಂಜೆಗೆ ಎರಡು ದಾರಿ: ದಕ್ಷಿಣಕ್ಕೆ ಕಾಪು, ಅಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಉತ್ತರಕ್ಕೆ ಕೋಡಿ ಬೆಂಗ್ರೆ, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ರಸ್ತೆಯಗಲದ ನೆಲ. ಕಲ್ಲೇ ಬೇಕೆಂದು ಬಂದವರು ಕಾಪುವಿಗೆ ಹೋಗಿ. ಅಲ್ಲಿ ಕಂಬಗಳು ಸಿಗುವುದಿಲ್ಲ, ಆದರೆ ಬಂಡೆಗೆ ಅಲೆ ಹೇಗೆ ಬಡಿಯುತ್ತದೆ ಎಂದು ಸುರಕ್ಷಿತ ಎತ್ತರದಿಂದ ನೋಡಿದರೆ, ಇಂದು ಬೋಟ್ ಏಕೆ ಬಿಡಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.